ಆಲ್ಡಿಹೈಡೋ, ಕೀಟೋನೋ? ಲ್ಯಾಬ್‌ನಲ್ಲಿ ಗುರುತಿಸುವುದು ಹೇಗೆ: ಹಂತ ಹಂತವಾಗಿ

ಬಾಟಲಿ ಮೂಸಿ "ಬಾದಾಮಿ ವಾಸನೆ ಬರ್ತಿದೆ ಮೇಡಂ, ಬೆಂಜಾಲ್ಡಿಹೈಡ್" ಅಂದುಬಿಟ್ಟರೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮಾರ್ಕ್ಸ್ ಬೀಳುವುದಿಲ್ಲ. ಟೆಸ್ಟ್ ಮಾಡಿ ತೋರಿಸಬೇಕು. ಪುಸ್ತಕದಲ್ಲಿ ಈ ಟೆಸ್ಟ್‌ಗಳಿಗೆ ಸಿಗುವ ಜಾಗ ಅರ್ಧ ಪುಟ. ಲ್ಯಾಬ್‌ಗೆ ಬಂದರೆ ಅದೇ ಅರ್ಧ ಪುಟ ಇಡೀ ಮಧ್ಯಾಹ್ನ ತಿಂದುಹಾಕುತ್ತದೆ. ಮಂಡ್ಯದ ಕಡೆಯ ಕಾಲೇಜಿನಲ್ಲಿ ಪಿಯುಸಿ, ಬಿಎಸ್ಸಿ ಮಕ್ಕಳಿಗೆ ವರ್ಷಾವರ್ಷ ಇದನ್ನು ಮಾಡಿಸುತ್ತಾ ಬಂದವಳು ನಾನು. ಹಾಗಾಗಿ ನಮ್ಮ ಬೋರ್ ನೀರು, ನಮ್ಮ ಏಪ್ರಿಲ್ ಸೆಕೆ ಎರಡನ್ನೂ ಲೆಕ್ಕಕ್ಕೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಒಂದು ಹೈಡ್ರೋಜನ್‌ನ ವ್ಯತ್ಯಾಸ

ಆಲ್ಡಿಹೈಡ್, ಕೀಟೋನ್ ಎರಡರಲ್ಲೂ ಕಾರ್ಬೊನಿಲ್ ಗುಂಪು ಇದೆ. ಅಂದರೆ ಒಂದು ಕಾರ್ಬನ್, ಅದಕ್ಕೆ ದ್ವಿಬಂಧದಲ್ಲಿ ಸೇರಿದ ಒಂದು ಆಕ್ಸಿಜನ್. ಆ ಕಾರ್ಬನ್‌ಗೆ ಒಂದಾದರೂ ಹೈಡ್ರೋಜನ್ ನೇರವಾಗಿ ಅಂಟಿಕೊಂಡಿದ್ದರೆ ಆಲ್ಡಿಹೈಡ್. ಎರಡೂ ಕಡೆ ಕಾರ್ಬನ್ನೇ ಇದ್ದರೆ ಕೀಟೋನ್. ಆ ಒಂದು ಹೈಡ್ರೋಜನ್ ಇರುವುದರಿಂದಲೇ ಆಲ್ಡಿಹೈಡ್ ಸುಲಭವಾಗಿ ಆಕ್ಸಿಡೈಸ್ ಆಗಿ ಆಮ್ಲವಾಗುತ್ತದೆ. ಕೀಟೋನ್ ಆಕ್ಸಿಡೈಸ್ ಆಗಬೇಕಾದರೆ ಕಾರ್ಬನ್-ಕಾರ್ಬನ್ ಬಂಧವೇ ಮುರಿಯಬೇಕು. ಬೆಳ್ಳಿ, ತಾಮ್ರದ ಅಯಾನುಗಳಂಥ ಮೆತ್ತನೆಯ ಆಕ್ಸಿಡೈಸಿಂಗ್ ಏಜೆಂಟ್‌ಗಳಿಗೆ ಅಷ್ಟು ಶಕ್ತಿ ಇಲ್ಲ.

ಇಲ್ಲೇ ಒಂದು ತೊಡಕು ಇದೆ, ಮಕ್ಕಳಿಗೆ ಇದನ್ನು ಎಷ್ಟು ಹೇಳಿದರೂ ಸಾಲದು. ಟಾಲೆನ್ಸ್ ಟೆಸ್ಟಿನಲ್ಲಿ (ಹಂತ 2) ಆಲ್ಡಿಹೈಡ್ ತಾನಾಗಿ ಮಾತಾಡುತ್ತದೆ, ಗಾಜಿನ ಮೇಲೆ ಬೆಳ್ಳಿಯ ಕನ್ನಡಿ ಕಾಣುತ್ತದೆ. ಕೀಟೋನ್ ಇದ್ದರೆ ಏನೂ ಆಗುವುದಿಲ್ಲ. ಏನೂ ಆಗದೆ ಇರುವುದೇ ನಮಗೆ ಸಾಕ್ಷಿ. ಆದರೆ ರಿಯೇಜೆಂಟ್ (ಟೆಸ್ಟಿಗೆ ಹಾಕುವ ರಾಸಾಯನಿಕ) ಕೆಟ್ಟಿದ್ದರೂ ಏನೂ ಆಗುವುದಿಲ್ಲ, ಟ್ಯೂಬ್ ಕೊಳಕಾಗಿದ್ದರೂ ಕನ್ನಡಿ ಬರುವುದಿಲ್ಲ, ಸ್ಯಾಂಪಲ್ ಆವಿಯಾಗಿ ಹೋಗಿದ್ದರೂ ಅಷ್ಟೇ. ಹಾಗಾದರೆ ಈ ಮೌನವನ್ನು ನಂಬುವುದು ಹೇಗೆ?

ಅದಕ್ಕೆ ದಾರಿ ಒಂದೇ. ಪ್ರತಿ ಟೆಸ್ಟಿಗೂ ಮೂರು ಟ್ಯೂಬ್ ಇಡಿ. ಒಂದರಲ್ಲಿ ಗೊತ್ತಿರುವ ಆಲ್ಡಿಹೈಡ್, ಇನ್ನೊಂದರಲ್ಲಿ ಗೊತ್ತಿರುವ ಕೀಟೋನ್ (ಅಸಿಟೋನ್ ಸಾಕು), ಮೂರನೆಯದರಲ್ಲಿ ನಿಮ್ಮ ಅನ್‌ನೋನ್, ಅಂದರೆ ಏನೆಂದು ಗೊತ್ತಿಲ್ಲದ ಸ್ಯಾಂಪಲ್. ಮೂರಕ್ಕೂ ಒಂದೇ ರಿಯೇಜೆಂಟ್, ಒಂದೇ ವಾಟರ್ ಬಾತ್, ಒಂದೇ ಸಮಯ. ಆಲ್ಡಿಹೈಡ್ ಟ್ಯೂಬ್‌ನಲ್ಲಿ ಬರಬೇಕಾದ್ದು ಬಂದು, ನಿಮ್ಮ ಟ್ಯೂಬ್ ಸುಮ್ನೆ ಕೂತಿದ್ದರೆ ಆಗ ಆ ಸುಮ್ಮನಿರುವಿಕೆಗೆ ಬೆಲೆ. ಸಮಯ ಇಲ್ಲ ಅಂತ ಇದನ್ನು ಬಿಟ್ಟವರೇ ಆಮೇಲೆ ಅದೇ ಟೆಸ್ಟನ್ನು ಮತ್ತೆ ಮತ್ತೆ ಮಾಡುತ್ತಾ ನಿಂತಿರುತ್ತಾರೆ.

ಶುರು ಮಾಡುವ ಮುಂಚೆ

ಟೆಸ್ಟ್ ಟ್ಯೂಬ್ ತೊಳೆಯುವುದೇ ಅರ್ಧ ಕೆಲಸ. ನಮ್ಮ ಕಡೆ ಎಷ್ಟೋ ಲ್ಯಾಬ್‌ಗಳಲ್ಲಿ ನಲ್ಲಿಗೆ ಬರುವುದು ಬೋರ್ ನೀರು. ಅದರಲ್ಲಿ ಕ್ಲೋರೈಡ್ ಇರುತ್ತದೆ. ಆ ನೀರಲ್ಲಿ ತೊಳೆದ ಟ್ಯೂಬ್‌ಗೆ ಸಿಲ್ವರ್ ನೈಟ್ರೇಟ್ ಹಾಕಿದ ತಕ್ಷಣ ಹಾಲು ಬೆರೆಸಿದ ಹಾಗೆ ಬಿಳಿ ಮಸುಕು ಕಾಣುತ್ತದೆ. ಅದು ಸಿಲ್ವರ್ ಕ್ಲೋರೈಡ್, ನಿಮ್ಮ ಸ್ಯಾಂಪಲ್‌ಗೂ ಅದಕ್ಕೂ ಸಂಬಂಧ ಇಲ್ಲ. ನಲ್ಲಿ ನೀರಿನ ಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಸಲ ಜಾಲಾಡಿಸಿ. ಆಮೇಲೂ ಮಸುಕು ಬಂದರೆ ಸುರಿದು ಹೊಸ ಟ್ಯೂಬ್ ತೆಗೆದುಕೊಳ್ಳಿ.

ಬೇಗ ಒಣಗಲಿ ಅಂತ ಟ್ಯೂಬ್‌ಗೆ ಅಸಿಟೋನ್ ಹಾಕಿ ಜಾಲಾಡಿಸುವ ಅಭ್ಯಾಸ ಕೆಲವರಿಗೆ ಇದೆ. ಈ ಪ್ರಯೋಗದ ದಿನ ಮಾತ್ರ ದಯವಿಟ್ಟು ಬೇಡ. ಅಸಿಟೋನೇ ಒಂದು ಕೀಟೋನ್. ಉಳಿದ ಒಂದು ಹನಿ ಸಾಕು, ಮುಂದೆ ಹೇಳುವ 2,4-ಡಿಎನ್‌ಪಿ ಟೆಸ್ಟೂ ಅಯೋಡೋಫಾರ್ಮ್ ಟೆಸ್ಟೂ ಎರಡೂ ಸುಳ್ಳು ಹೇಳುತ್ತವೆ.

ಸ್ಯಾಂಪಲ್ ಬಾಟಲಿಗಳ ಕಥೆಯೂ ಇದೆ. ಅಸಿಟಾಲ್ಡಿಹೈಡ್ ಕುದಿಯುವುದು ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ. ಮೈಸೂರಾಗಲಿ ಮಂಡ್ಯವಾಗಲಿ, ಮಧ್ಯಾಹ್ನದ ಹೊತ್ತು ಲ್ಯಾಬ್ ಅದಕ್ಕಿಂತ ಬಿಸಿಯೇ ಇರುತ್ತದೆ. ಹೊರಗಿಟ್ಟ ಬಾಟಲಿಯ ಮುಚ್ಚಳ ತೆಗೆದರೆ ಬುಸ್ಸಂತ ಆವಿ ಮುಖಕ್ಕೆ ಬರುತ್ತದೆ. ಫ್ರಿಜ್‌ನಲ್ಲಿಟ್ಟು, ತಣ್ಣಗಿರುವಾಗಲೇ ತೆರೆಯಿರಿ. ಬೆಂಜಾಲ್ಡಿಹೈಡ್ ಹಾಗೆ ಹಾರಿಹೋಗುವುದಿಲ್ಲ, ಅದರ ಕುದಿಬಿಂದು ಸುಮಾರು 179 ಡಿಗ್ರಿ. ಆದರೆ ಗಾಳಿ ತಾಗಿದರೆ ಅದು ತಾನಾಗಿಯೇ ಬೆಂಜೋಯಿಕ್ ಆಮ್ಲವಾಗುತ್ತದೆ. ಹಳೆಯ ಬಾಟಲಿಯ ಕತ್ತಿನ ಸುತ್ತ ಬಿಳಿ ಹರಳು ಕಟ್ಟಿರುತ್ತದಲ್ಲ, ಅದೇ ಅದು. ಅಂಥ ಬಾಟಲಿಯಿಂದ ಹನಿ ತೆಗೆದು ಟೆಸ್ಟ್ ಸರಿಯಾಗಿ ಬರಲಿಲ್ಲ ಅಂದರೆ ತಪ್ಪು ಟೆಸ್ಟಿನದಲ್ಲ. ಸೋಡಿಯಂ ಕಾರ್ಬೊನೇಟ್ ದ್ರಾವಣದ ಜೊತೆ ಕುಲುಕಿ, ಆಮ್ಲವನ್ನು ನೀರಿನ ಪದರಕ್ಕೆ ಇಳಿಸಿ, ಮೇಲೋ ಕೆಳಗೋ ಎಣ್ಣೆಯಂತೆ ಬೇರೆಯಾಗಿ ನಿಲ್ಲುವ ಬೆಂಜಾಲ್ಡಿಹೈಡನ್ನು ತೆಗೆದುಕೊಳ್ಳಿ. ಫಾರ್ಮಾಲಿನ್ (ನೀರಿನಲ್ಲಿ ಕರಗಿದ ಫಾರ್ಮಾಲ್ಡಿಹೈಡ್) ಬಳಸುವುದಾದರೆ ಫ್ಯೂಮ್ ಹುಡ್‌ನೊಳಗೆ ಮಾತ್ರ. ಕಣ್ಣು ಮೂಗು ಉರಿಯುವುದಷ್ಟೇ ಅಲ್ಲ, ಅದು ಕ್ಯಾನ್ಸರ್‌ಕಾರಕ ಅನ್ನುವುದು ಖಚಿತವಾಗಿದೆ. ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಹಂತ 1: ಕಾರ್ಬೊನಿಲ್ ಇದೆಯಾ?

ಆಲ್ಡಿಹೈಡಾ ಕೀಟೋನಾ ಅಂತ ಕೇಳುವ ಮುಂಚೆ, ಎರಡರಲ್ಲಿ ಒಂದಾದರೂ ಹೌದಾ ಅಂತ ನೋಡಬೇಕು. ಎಷ್ಟೋ ಮಕ್ಕಳು ನೇರವಾಗಿ ಟಾಲೆನ್ಸ್‌ಗೆ ಹಾರುತ್ತಾರೆ. ಕನ್ನಡಿ ಬರಲಿಲ್ಲ, "ಕೀಟೋನ್" ಅಂತ ಬರೆದುಬಿಡುತ್ತಾರೆ. ಬಾಟಲಿಯಲ್ಲಿ ಇದ್ದದ್ದು ಆಲ್ಡಿಹೈಡೂ ಅಲ್ಲದ, ಕೀಟೋನೂ ಅಲ್ಲದ ಈಥೈಲ್ ಅಸಿಟೇಟ್ ಆಗಿದ್ದರೆ?

ಇದಕ್ಕೆ 2,4-ಡಿಎನ್‌ಪಿ, ಅಂದರೆ 2,4-ಡೈನೈಟ್ರೋಫಿನೈಲ್‌ಹೈಡ್ರಜೀನ್. ಇದರ ಆಮ್ಲೀಯ ದ್ರಾವಣಕ್ಕೆ ಬ್ರೇಡಿ ರಿಯೇಜೆಂಟ್ ಅಂತಲೂ ಹೆಸರು. ಆಲ್ಡಿಹೈಡ್, ಕೀಟೋನ್‌ಗಳಿಗೆ ಇದನ್ನು ಬಳಸುವ ಬಗ್ಗೆ ಬ್ರೇಡಿ ಬರೆದದ್ದು 1926ರಲ್ಲಿ.

ಒಣಗಿದ ಟ್ಯೂಬ್‌ನಲ್ಲಿ ಎರಡು ಹನಿ ಸ್ಯಾಂಪಲ್, ಅದು ಕರಗುವಷ್ಟು, ಸುಮಾರು 1 ಎಂಎಲ್ ಆಲ್ಕೋಹಾಲ್. ಮೇಲೆ 1 ರಿಂದ 2 ಎಂಎಲ್ ರಿಯೇಜೆಂಟ್. ಬಿರಡೆ ಹಾಕಿ ಚೆನ್ನಾಗಿ ಕುಲುಕಿ. ಹಳದಿಯಿಂದ ಕಿತ್ತಳೆಗೆಂಪಿನವರೆಗೆ ಯಾವುದಾದರೂ ಬಣ್ಣದ ಪುಡಿ ಒತ್ತಾಗಿ ಕೂತರೆ ಕಾರ್ಬೊನಿಲ್ ಇದೆ. ತಕ್ಷಣ ಬರದಿದ್ದರೆ ಹತ್ತು ನಿಮಿಷ ಬಿಡಿ, ಬೇಕಾದರೆ ಕೊಂಚ ಬೆಚ್ಚಗೆ ಮಾಡಿ.

ಎರಡು ಎಚ್ಚರಿಕೆ. ರಿಯೇಜೆಂಟೇ ಕಿತ್ತಳೆ ಬಣ್ಣದ್ದು. ಹಾಗಾಗಿ ಬಣ್ಣ ನೋಡಿ ಮೋಸ ಹೋಗಬೇಡಿ, ಗಟ್ಟಿ ಪುಡಿ ಕಾಣಬೇಕು. ಟ್ಯೂಬನ್ನು ಓರೆ ಮಾಡಿ ಕಿಟಕಿ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ: ಬರೀ ದ್ರಾವಣವಾದರೆ ಗಾಜಿನ ಮೇಲೆ ಜಾರಿ ಹೋಗುತ್ತದೆ, ಪ್ರೆಸಿಪಿಟೇಟ್ ಇದ್ದರೆ ಗಾಜಿಗೆ ಅಂಟಿಕೊಂಡು ಹಿಂದೆ ಉಳಿಯುತ್ತದೆ. ಇನ್ನೊಂದು, ರಿಯೇಜೆಂಟ್ ಮಾಡಲು ಬಳಸುವ ಡಿಎನ್‌ಪಿ ಪುಡಿ ಪೂರ್ತಿ ಒಣಗಿದರೆ ಸ್ಫೋಟಕ. ಅದಕ್ಕೇ ಬಾಟಲಿಯಲ್ಲಿ ನೀರಿನಿಂದ ತೇವವಾಗಿಯೇ ಬರುತ್ತದೆ. ಸ್ಟೋರ್ ರೂಮಿನ ಮೂಲೆಯಲ್ಲಿ ಹಳೆಯ, ಒಣಗಿದ ಬಾಟಲಿ ಕಂಡರೆ ಮುಚ್ಚಳ ತಿರುಗಿಸುವ ಧೈರ್ಯ ಮಾಡಬೇಡಿ. ಲೆಕ್ಚರರ್‌ಗೆ ಹೇಳಿ.

ಬಣ್ಣದಿಂದಲೂ ಒಂದು ಸುಳಿವು ಸಿಗುತ್ತದೆ. ಅಸಿಟೋನ್‌ನಂಥ ಸಾದಾ ಸಂಯುಕ್ತಗಳು ಹಳದಿ ಕಡೆಗೆ. ಕಾರ್ಬೊನಿಲ್ ಪಕ್ಕದಲ್ಲೇ ಬೆಂಜೀನ್ ಉಂಗುರವೋ ಇನ್ನೊಂದು ದ್ವಿಬಂಧವೋ ಇದ್ದರೆ ಕಿತ್ತಳೆ, ಕೆಂಪು ಕಡೆಗೆ. ಸುಳಿವು ಅಷ್ಟೇ, ತೀರ್ಪಲ್ಲ.

ಸೋಡಿಯಂ ಬೈಸಲ್ಫೈಟ್ ಟೆಸ್ಟ್ ಅಂತಲೂ ಒಂದಿದೆ, ಬಿಳಿ ಹರಳು ಬರುತ್ತದೆ. ಆಲ್ಡಿಹೈಡ್‌ಗಳ ಜೊತೆಗೆ ಅಸಿಟೋನ್, ಸೈಕ್ಲೋಹೆಕ್ಸನೋನ್ ಕೂಡ ಕೊಡುತ್ತವೆ, ಅಸಿಟೋಫಿನೋನ್ ಕೊಡುವುದಿಲ್ಲ. ನಮ್ಮ ಪ್ರಶ್ನೆಗೆ ಅದರಿಂದ ಹೆಚ್ಚು ಉಪಯೋಗ ಇಲ್ಲ. ಮುಂದೆ ಹೋಗೋಣ.

ಹಂತ 2: ಟಾಲೆನ್ಸ್, ಬೆಳ್ಳಿ ಕನ್ನಡಿ

ಈ ಟೆಸ್ಟಿಗೆ ಜರ್ಮನಿಯ ರಸಾಯನ ವಿಜ್ಞಾನಿ ಬರ್ನ್‌ಹಾರ್ಡ್ ಟಾಲೆನ್ಸ್ ಹೆಸರು. ಆಲ್ಡಿಹೈಡ್, ಕೀಟೋನ್ ಬೇರೆ ಮಾಡಲು ನನ್ನನ್ನು ಒಂದೇ ಟೆಸ್ಟ್ ಆರಿಸಿಕೋ ಅಂದರೆ ಇದನ್ನೇ ಆರಿಸುತ್ತೇನೆ. ಬೆಂಜಾಲ್ಡಿಹೈಡ್‌ನಂಥ ಆರೋಮ್ಯಾಟಿಕ್ (ಬೆಂಜೀನ್ ಉಂಗುರ ಇರುವ) ಆಲ್ಡಿಹೈಡ್ ಕೂಡ ಇಲ್ಲಿ ಸಿಕ್ಕಿಬೀಳುತ್ತದೆ. ಕೆಡುವುದೂ ಇದೇ ಜಾಸ್ತಿ. ಅದಕ್ಕೆ ನಿಧಾನವಾಗಿ ಹೇಳುತ್ತೇನೆ.

ಮೊದಲು ಟ್ಯೂಬ್. ಗಾಜಿನ ಒಳಗೆ ಜಿಡ್ಡಿದ್ದರೆ ಬೆಳ್ಳಿ ಗೋಡೆಗೆ ಹಿಡಿಯುವುದಿಲ್ಲ, ಕಪ್ಪು ಪುಡಿಯಾಗಿ ಉದುರುತ್ತದೆ. ಬ್ರಶ್‌ನಲ್ಲಿ ಉಜ್ಜಿದ ಮೇಲೆ 10% ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಟ್ಯೂಬ್‌ನಲ್ಲಿ ಬಿಸಿ ಮಾಡಿ ಸುರಿಯಿರಿ. ನಂತರ ಡಿಸ್ಟಿಲ್ಡ್ ವಾಟರ್. ತೊಳೆದ ಟ್ಯೂಬನ್ನು ತಲೆಕೆಳಗು ಹಿಡಿಯಿರಿ. ನೀರು ತೆಳ್ಳಗೆ ಹಾಳೆಯ ಹಾಗೆ ಇಳಿದರೆ ಟ್ಯೂಬ್ ಶುದ್ಧ. ಅಲ್ಲಲ್ಲಿ ಹನಿ ಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ, ಮತ್ತೆ ತೊಳೆಯಿರಿ.

ಈಗ ರಿಯೇಜೆಂಟ್. ಇದನ್ನು ಆಗಿಂದಾಗಲೇ ಮಾಡಿಕೊಳ್ಳಬೇಕು. 5% ಸಿಲ್ವರ್ ನೈಟ್ರೇಟ್ ದ್ರಾವಣ 1 ಎಂಎಲ್ ಸಾಕು. ಬೆಳ್ಳಿಯ ರೇಟ್ ಗೊತ್ತಲ್ಲ, ಟ್ಯೂಬ್ ತುಂಬ ಸುರಿಯುವ ಅಗತ್ಯ ಇಲ್ಲ. ಅದಕ್ಕೆ 10% ಸೋಡಿಯಂ ಹೈಡ್ರಾಕ್ಸೈಡ್ ಒಂದೇ ಒಂದು ಹನಿ. ಕಂದು ಬಣ್ಣದ ಸಿಲ್ವರ್ ಆಕ್ಸೈಡ್ ಕೂರುತ್ತದೆ. ಈಗ ದುರ್ಬಲ ಅಮೋನಿಯಾ ದ್ರಾವಣವನ್ನು ಡ್ರಾಪರ್‌ನಲ್ಲಿ ಒಂದೊಂದೇ ಹನಿ ಬಿಡಿ. ಪ್ರತಿ ಹನಿಗೂ ಅಲುಗಿಸಿ. ಕಂದು ಕರಗುತ್ತಾ ಕರಗುತ್ತಾ ಬಂದು, ಇನ್ನೇನು ಪೂರ್ತಿ ಹೋಗುತ್ತದೆ ಅನ್ನುವಾಗ ಕೈ ನಿಲ್ಲಿಸಿ. ಒಂದು ಕಣ ಕಂದು ಉಳಿದರೂ ಚಿಂತೆ ಇಲ್ಲ. ಅಮೋನಿಯಾ ಜಾಸ್ತಿಯಾದರೆ ಬೆಳ್ಳಿ ಅಯಾನನ್ನು ಅದೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಟೆಸ್ಟ್ ಮಂದವಾಗುತ್ತದೆ.

ಬೇಸಿಗೆಯಲ್ಲಿ ಅಮೋನಿಯಾ ಬಾಟಲಿಯ ಬಗ್ಗೆ ಒಂದು ಮಾತು. ಸೆಕೆಗೆ ಒಳಗೆ ಒತ್ತಡ ಕಟ್ಟಿರುತ್ತದೆ. ತಣ್ಣೀರಿನ ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು, ಮುಖ ದೂರ ಇಟ್ಟು ತೆರೆಯಿರಿ. ದಿನವೂ ತೆರೆದು ಮುಚ್ಚುವ ಬಾಟಲಿಯಲ್ಲಿ ಅಮೋನಿಯಾ ಹಾರಿಹೋಗಿ ದ್ರಾವಣ ಸಪ್ಪೆಯಾಗಿಯೂ ಇರುತ್ತದೆ. ಹನಿ ಮೇಲೆ ಹನಿ ಹಾಕಿದರೂ ಕಂದು ಕರಗುತ್ತಿಲ್ಲ ಅಂದರೆ ಬಾಟಲಿಯನ್ನೇ ಅನುಮಾನಿಸಿ.

ರಿಯೇಜೆಂಟನ್ನು ಮೂರು ಟ್ಯೂಬ್‌ಗೆ ಹಂಚಿ. ಎರಡು ಮೂರು ಹನಿ ಸ್ಯಾಂಪಲ್ ಹಾಕಿ, ಒಮ್ಮೆ ಚೆನ್ನಾಗಿ ಅಲುಗಿಸಿ. ಬೆಂಜಾಲ್ಡಿಹೈಡ್ ನೀರಿನಲ್ಲಿ ಕರಗದು, ಎಣ್ಣೆ ಹನಿಯಾಗಿ ನಿಲ್ಲುತ್ತದೆ. ಅಂಥದ್ದನ್ನು ಮೊದಲು ಸ್ವಲ್ಪ ಆಲ್ಕೋಹಾಲ್‌ನಲ್ಲಿ ಕರಗಿಸಿ ಹಾಕಿ. ನಂತರ ಟ್ಯೂಬ್‌ಗಳನ್ನು 60 ಡಿಗ್ರಿ ಆಸುಪಾಸಿನ ಬಿಸಿನೀರಿನ ಬೀಕರ್‌ನಲ್ಲಿ ನಿಲ್ಲಿಸಿ. ಇಲ್ಲಿಂದ ಮುಂದೆ ಮುಟ್ಟಬೇಡಿ. ಕುಲುಕಿದರೆ ಕನ್ನಡಿ ಕೆಡುತ್ತದೆ. ಬರ್ನರ್ ಮೇಲೆ ನೇರವಾಗಿ ಹಿಡಿಯುವುದಂತೂ ಬೇಡವೇ ಬೇಡ.

ಗಮನ ಇಟ್ಟು ನೋಡಿದರೆ ಇದು ಹೇಗೆ ಶುರುವಾಗುತ್ತದೆ ಅಂತ ಕಾಣುತ್ತದೆ. ದ್ರಾವಣ ಮೊದಲು ತೆಳು ಕಂದಾಗುತ್ತದೆ, ಆಮೇಲೆ ಬೂದು. ಗಾಜಿನ ತಳದ ಗುಂಡಿ ಭಾಗದಲ್ಲಿ ಮಸಿಯಂಥ ನೆರಳು ಕಾಣುತ್ತದೆ. ಆ ನೆರಳು ಮೇಲಕ್ಕೆ ಹತ್ತುತ್ತಾ ಹತ್ತುತ್ತಾ ಫಕ್ಕನೆ ಹೊಳಪಾಗುತ್ತದೆ. ಕಿಟಕಿಯ ಸರಳು ಅದರಲ್ಲಿ ಬಾಗಿ ಕಾಣುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗದ ಟೆಸ್ಟ್ ಇದು.

ಕನ್ನಡಿ ಬರದೆ ಬರೀ ಬೂದು-ಕಪ್ಪು ಪುಡಿ ಬಂದರೂ ಅದು ಬೆಳ್ಳಿಯೇ. ಟೆಸ್ಟ್ ಪಾಸಿಟಿವ್ ಅಂತಲೇ ಬರೆಯಿರಿ. "ಕನ್ನಡಿ ಬರ್ಲಿಲ್ಲ ಮೇಡಂ" ಅಂತ ಅಳುಮುಖ ಮಾಡುವುದು ಬೇಡ. ಆದರೆ ಅಸಿಟೋನ್ ಟ್ಯೂಬ್‌ನಲ್ಲೂ ಹಾಗೆ ಕಪ್ಪಾಗಿದ್ದರೆ ಎಲ್ಲವನ್ನೂ ಸುರಿದು ಹೊಸದಾಗಿ ಮಾಡಬೇಕು.

ಟಾಲೆನ್ಸ್ ದ್ರಾವಣವನ್ನು ನಾಳೆಗೆ ಅಂತ ಎತ್ತಿಡಬೇಡಿ. ಇಟ್ಟರೆ ಅದರಲ್ಲಿ ಸಿಲ್ವರ್ ನೈಟ್ರೈಡ್ ಹುಟ್ಟುತ್ತದೆ, ಅದು ಮುಟ್ಟಿದರೆ ಸಿಡಿಯುವಂಥದ್ದು. ಕೆಲಸ ಮುಗಿದ ಕೂಡಲೇ ದುರ್ಬಲ ನೈಟ್ರಿಕ್ ಆಮ್ಲ ಹಾಕಿ ಆಮ್ಲೀಯ ಮಾಡಿ, ಬೆಳ್ಳಿ ತ್ಯಾಜ್ಯಕ್ಕೆ ಅಂತ ಇಟ್ಟ ಬಾಟಲಿಗೆ ಸುರಿಯಿರಿ. ಟ್ಯೂಬ್‌ಗೆ ಹಿಡಿದ ಕನ್ನಡಿಯೂ ನೈಟ್ರಿಕ್ ಆಮ್ಲಕ್ಕೇ ಬಿಡುತ್ತದೆ. ಬೆರಳಿಗೆ ಸಿಲ್ವರ್ ನೈಟ್ರೇಟ್ ತಾಗಿದ್ದರೆ ಆಗ ಏನೂ ಕಾಣುವುದಿಲ್ಲ. ಬಿಸಿಲಿಗೆ ಹೋದ ಮೇಲೆ ಕಪ್ಪಗಾಗುತ್ತದೆ. ಸೋಪಿಗೆ ಹೋಗುವುದಿಲ್ಲ, ಚರ್ಮ ಸವೆದು ತಾನಾಗಿ ಹೋಗಬೇಕು.

ಹಂತ 3: ಫೆಹ್ಲಿಂಗ್

ಟಾಲೆನ್ಸ್ ಪಾಸಿಟಿವ್ ಬಂತು ಅಂದರೆ ಆಲ್ಡಿಹೈಡ್ ಅನ್ನುವುದು ಹೆಚ್ಚುಕಡಿಮೆ ಸ್ಥಿರ. ಫೆಹ್ಲಿಂಗ್ ಈಗ ಇನ್ನೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ಅಲಿಫ್ಯಾಟಿಕ್ಕೋ (ಬೆಂಜೀನ್ ಉಂಗುರ ಇಲ್ಲದ್ದು), ಆರೋಮ್ಯಾಟಿಕ್ಕೋ? ಹರ್ಮನ್ ಫಾನ್ ಫೆಹ್ಲಿಂಗ್ ಇದನ್ನು ರೂಪಿಸಿದ್ದು 1849ರಲ್ಲಿ.

ಎ ಬಾಟಲಿಯಲ್ಲಿ ಕಾಪರ್ ಸಲ್ಫೇಟ್, ಅಂದರೆ ನಮ್ಮ ಮೈಲುತುತ್ತ. ಬಿ ಬಾಟಲಿಯಲ್ಲಿ ರೋಶೆಲ್ ಸಾಲ್ಟ್ (ಸೋಡಿಯಂ ಪೊಟ್ಯಾಸಿಯಂ ಟಾರ್ಟ್ರೇಟ್) ಮತ್ತು ಸೋಡಿಯಂ ಹೈಡ್ರಾಕ್ಸೈಡ್. ಎರಡನ್ನೂ ಮೊದಲೇ ಬೆರೆಸಿ ಇಡುವುದಿಲ್ಲ. ಇಟ್ಟರೆ ಕ್ಷಾರದಲ್ಲಿ ಟಾರ್ಟ್ರೇಟೇ ನಿಧಾನವಾಗಿ ತಾಮ್ರವನ್ನು ತಿನ್ನಲು ಶುರು ಮಾಡುತ್ತದೆ.

ಎ 1 ಎಂಎಲ್, ಬಿ 1 ಎಂಎಲ್, ಬೆರೆಸಿ. ಕಡು ನೀಲಿ ಬರಬೇಕು. ತೆಳು ನೀಲಿ ಗಡ್ಡೆ ಉಳಿದಿದ್ದರೆ ಬಿ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಿ. ಸ್ಯಾಂಪಲ್ ಹಾಕುವ ಮುಂಚೆ ಈ ನೀಲಿಯನ್ನೇ ಒಂದು ನಿಮಿಷ ಕುದಿಯುವ ನೀರಿನಲ್ಲಿ ಇಟ್ಟು ನೋಡಿ. ಬಣ್ಣ ಬದಲಾಗದಿದ್ದರೆ ರಿಯೇಜೆಂಟ್ ಸರಿ ಇದೆ. ಆಮೇಲೆ ನಾಲ್ಕೈದು ಹನಿ ಸ್ಯಾಂಪಲ್ ಹಾಕಿ ಐದರಿಂದ ಹತ್ತು ನಿಮಿಷ ಕುದಿಯುವ ವಾಟರ್ ಬಾತ್‌ನಲ್ಲಿ ಇಡಿ. ನಡುನಡುವೆ ಅಲುಗಿಸಿ. ನೀಲಿ ಹಸಿರಾಗಿ, ಹಸಿರು ಹಳದಿಯಾಗಿ, ಕೊನೆಗೆ ಇಟ್ಟಿಗೆ ಕೆಂಪಿನ ಕ್ಯುಪ್ರಸ್ ಆಕ್ಸೈಡ್ ತಳ ಕೂರುತ್ತದೆ. ಫಾರ್ಮಾಲಿನ್ ಆದರೆ ಒಮ್ಮೊಮ್ಮೆ ತಾಮ್ರವೇ ಗಾಜಿಗೆ ಹಿಡಿದು ಕೆಂಪು ಕನ್ನಡಿ ಕಾಣುತ್ತದೆ. ಗಾಬರಿ ಬೇಡ.

ಬೆಂಜಾಲ್ಡಿಹೈಡ್ ಇಲ್ಲಿ ಕೆಂಪು ಕೊಡುವುದಿಲ್ಲ. ಹಾಗಾಗಿ ಫೆಹ್ಲಿಂಗ್ ಒಂದನ್ನೇ ನಂಬಿ "ಕೀಟೋನ್" ಅಂದರೆ ದಾರಿ ತಪ್ಪುತ್ತೀರಿ. ಕಂಟ್ರೋಲ್ ಟ್ಯೂಬ್‌ಗೂ ಬೆಂಜಾಲ್ಡಿಹೈಡ್ ಹಾಕಬೇಡಿ, ಅಸಿಟಾಲ್ಡಿಹೈಡೋ ಫಾರ್ಮಾಲಿನ್ನೋ ಹಾಕಿ. ಕುದಿಯುವ ನೀರಿನ ಇನ್ನೊಂದು ಕಾಟ: ಅಸಿಟಾಲ್ಡಿಹೈಡ್ ಟ್ಯೂಬ್‌ನಿಂದ ಆವಿಯಾಗಿ ಓಡಿಹೋಗುತ್ತದೆ. ಟ್ಯೂಬ್ ಬಾಯಿಗೆ ಸಡಿಲವಾಗಿ ಹತ್ತಿ ಇಡಿ, ಮೊದಲು ಬೆಚ್ಚಗಿನ ನೀರಿನಲ್ಲಿ ಶುರು ಮಾಡಿ.

ಹಂತ 4: ಶಿಫ್, ಬೇಕಿದ್ದರೆ

ಹ್ಯೂಗೋ ಶಿಫ್ 1866ರಲ್ಲಿ ಕೊಟ್ಟ ಟೆಸ್ಟ್. ಫುಕ್ಸಿನ್ ಅನ್ನುವ ಗುಲಾಬಿ ಬಣ್ಣವನ್ನು ಸಲ್ಫರ್ ಡೈಆಕ್ಸೈಡ್‌ನಿಂದ ಬಿಳಿಚಿಸಿ ಇಟ್ಟಿರುತ್ತಾರೆ. ಆಲ್ಡಿಹೈಡ್ ಒಂದೆರಡು ಹನಿ ಹಾಕಿದರೆ ಒಂದೆರಡು ನಿಮಿಷದಲ್ಲಿ ಗುಲಾಬಿ-ನೇರಳೆ ಬಣ್ಣ ಬರುತ್ತದೆ. ನೋಡಲು ಚೆಂದ, ಮಾಡಲು ಸುಲಭ. ಆದರೆ ನನಗೆ ಇದರ ಮೇಲೆ ಅಷ್ಟು ಭರವಸೆ ಇಲ್ಲ. ಬಿಸಿ ಮಾಡಿದರೆ ಸಲ್ಫರ್ ಡೈಆಕ್ಸೈಡ್ ಹಾರಿ ಬಣ್ಣ ತಾನಾಗಿ ಮರಳುತ್ತದೆ. ಟ್ಯೂಬ್‌ನಲ್ಲಿ ಕ್ಷಾರ ಉಳಿದಿದ್ದರೂ ಹಾಗೇ. ಸುಮ್ನೆ ಬಿಟ್ಟರೆ ಅಸಿಟೋನ್ ಕೂಡ ನಿಧಾನಕ್ಕೆ ನಸುಗುಲಾಬಿ ಕೊಡಬಹುದು. ತಣ್ಣಗೆ ಮಾಡಿ, ಎರಡು ನಿಮಿಷದೊಳಗೆ ನೋಡಿ, ಬರೆದು ಮುಗಿಸಿ.

ಕ್ರೋಮಿಕ್ ಆಮ್ಲದ ಟೆಸ್ಟ್ ಹಳೆಯ ಮ್ಯಾನುಯಲ್‌ಗಳಲ್ಲಿ ಇರುತ್ತದೆ, ಕಿತ್ತಳೆ ಹೋಗಿ ಹಸಿರಾಗುತ್ತದೆ. ಪ್ರೈಮರಿ, ಸೆಕೆಂಡರಿ ಆಲ್ಕೋಹಾಲ್‌ಗಳೂ ಅದನ್ನೇ ಮಾಡುತ್ತವೆ, ಜೊತೆಗೆ ಆ ಕ್ರೋಮಿಯಂ ವಿಷ. ನಾನು ಮಾಡಿಸುವುದಿಲ್ಲ.

ಹಂತ 5: ಕೀಟೋನ್ ಬಾಯಿ ಬಿಡಿಸುವುದು

ಡಿಎನ್‌ಪಿ ಬಂತು, ಟಾಲೆನ್ಸ್ ಬರಲಿಲ್ಲ, ಕಂಟ್ರೋಲ್ ಟ್ಯೂಬ್ ಸರಿಯಾಗಿ ಬಂತು. ಕೀಟೋನ್ ಅನ್ನಲು ಇಷ್ಟು ಸಾಕು. ಆದರೂ ಮೌನವನ್ನೇ ನೆಚ್ಚಿಕೊಳ್ಳದೆ, ಅದೇ ಎದ್ದು ಹೇಳುವ ಟೆಸ್ಟ್ ಒಂದು ಮಾಡಿದರೆ ಮನಸ್ಸಿಗೆ ನೆಮ್ಮದಿ.

ಅಸಿಟೋನ್, ಅಸಿಟೋಫಿನೋನ್‌ನಂಥ ಮೀಥೈಲ್ ಕೀಟೋನ್‌ಗಳಿಗೆ (ಕಾರ್ಬೊನಿಲ್‌ಗೆ ನೇರವಾಗಿ ಒಂದು ಮೀಥೈಲ್ ಗುಂಪು ಅಂಟಿರುವಂಥವು) ಸೋಡಿಯಂ ನೈಟ್ರೋಪ್ರಸೈಡ್ ಒಳ್ಳೆಯದು. ಒಂದೆರಡು ಹರಳನ್ನು ಆಗಲೇ ನೀರಿನಲ್ಲಿ ಕರಗಿಸಿ, ಸ್ಯಾಂಪಲ್‌ಗೆ ಹಾಕಿ, ಮೇಲೆ ಸೋಡಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟರೆ ಕೆಂಪು ಬರುತ್ತದೆ. ಬೆಂಜಾಲ್ಡಿಹೈಡ್‌ಗೆ ಬರುವುದಿಲ್ಲ.

ಅಯೋಡೋಫಾರ್ಮ್ ಟೆಸ್ಟ್ ಇನ್ನೊಂದು. ಸ್ಯಾಂಪಲ್‌ಗೆ ಸೋಡಿಯಂ ಹೈಡ್ರಾಕ್ಸೈಡ್, ನಂತರ ಪೊಟ್ಯಾಸಿಯಂ ಅಯೋಡೈಡ್‌ನಲ್ಲಿ ಕರಗಿಸಿದ ಅಯೋಡಿನ್ ಹನಿಹನಿಯಾಗಿ, ಕಂದು ಬಣ್ಣ ತುಸು ಉಳಿಯುವವರೆಗೆ. ಹಳದಿ ಪುಡಿ ಬಂದು ಹಳೇ ಆಸ್ಪತ್ರೆಯ ವಾಸನೆ ಮೂಗಿಗೆ ಹೊಡೆದರೆ ಅಯೋಡೋಫಾರ್ಮ್. ಇದು "ಕೀಟೋನ್ ಟೆಸ್ಟ್" ಅಲ್ಲ ಅನ್ನುವುದು ನೆನಪಿರಲಿ. ಆಲ್ಡಿಹೈಡ್‌ಗಳಲ್ಲಿ ಅಸಿಟಾಲ್ಡಿಹೈಡ್ ಒಂದು ಇದನ್ನು ಕೊಡುತ್ತದೆ. ಎಥೆನಾಲ್ ಕೂಡ ಕೊಡುತ್ತದೆ. ಸ್ಯಾಂಪಲ್ ಕರಗಿಸಲು ಎಥೆನಾಲ್ ಬಳಸಿದ್ದರೆ ಟೆಸ್ಟಿಗೆ ಅರ್ಥವೇ ಇಲ್ಲ.

ಇಷ್ಟಾದ ಮೇಲೆ ತೀರ್ಮಾನ ಸುಲಭ. ಡಿಎನ್‌ಪಿ, ಟಾಲೆನ್ಸ್, ಫೆಹ್ಲಿಂಗ್ ಮೂರೂ ಬಂದರೆ ಅಲಿಫ್ಯಾಟಿಕ್ ಆಲ್ಡಿಹೈಡ್. ಮೊದಲೆರಡು ಬಂದು ಫೆಹ್ಲಿಂಗ್ ಬರದಿದ್ದರೆ ಆರೋಮ್ಯಾಟಿಕ್ ಆಲ್ಡಿಹೈಡ್. ಸ್ಪಾಚುಲಾ ತುದಿಯಲ್ಲಿ ಒಂದು ಹನಿ ಉರಿಸಿ ನೋಡಿ, ಮಸಿ ಹೊಗೆ ಬಂದರೆ ಅದಕ್ಕೆ ಪುಷ್ಟಿ. ಡಿಎನ್‌ಪಿ ಮಾತ್ರ ಬಂದರೆ ಕೀಟೋನ್. ಡಿಎನ್‌ಪಿ ಬರದೆ ಟಾಲೆನ್ಸ್ ಬಂದರೆ? ಆಗ ಫಾರ್ಮಿಕ್ ಆಮ್ಲ ಇರಬಹುದು, ಸಕ್ಕರೆಯ ಜಾತಿ ಇರಬಹುದು.

ಸಕ್ಕರೆ ನಾಡಿನ ಗೊಂದಲ

ಸಕ್ಕರೆ ಮಾತು ಬಂದ ಮೇಲೆ ಮಂಡ್ಯದವರು ಸುಮ್ಮನಿರಲು ಆಗುತ್ತಾ? 1933ರಲ್ಲಿ ಮೈಷುಗರ್ ಕಾರ್ಖಾನೆ ಶುರುವಾದ ಊರು. ಸುತ್ತ ಆಲೆಮನೆಗಳು. ಹಾಗಾಗಿ ನಾನು ಮಕ್ಕಳಿಗೆ ಮನೆಯಿಂದ ಒಂದು ಚಮಚ ಸಕ್ಕರೆ, ಒಂದು ಚೂರು ಬೆಲ್ಲ ತರಲು ಹೇಳುತ್ತೇನೆ.

ಇದಕ್ಕೆ ಬೆನೆಡಿಕ್ಟ್ ರಿಯೇಜೆಂಟ್ ಅನುಕೂಲ. ಫೆಹ್ಲಿಂಗ್‌ನ ಹಾಗೇ ತಾಮ್ರದ್ದು, ಆದರೆ ಟಾರ್ಟ್ರೇಟ್ ಬದಲು ಸಿಟ್ರೇಟ್, ಸೋಡಿಯಂ ಹೈಡ್ರಾಕ್ಸೈಡ್ ಬದಲು ಕಾರ್ಬೊನೇಟ್. ಒಂದೇ ಬಾಟಲಿ, ಕೆಡುವುದೂ ಇಲ್ಲ. ಲೀಟರಿಗೆ ಕಾಪರ್ ಸಲ್ಫೇಟ್ 17.3 ಗ್ರಾಂ, ಸೋಡಿಯಂ ಸಿಟ್ರೇಟ್ 173 ಗ್ರಾಂ, ಒಣ ಸೋಡಿಯಂ ಕಾರ್ಬೊನೇಟ್ 100 ಗ್ರಾಂ.

ಎರಡು ಟ್ಯೂಬ್‌ನಲ್ಲಿ 5 ಎಂಎಲ್ ರಿಯೇಜೆಂಟ್. ಒಂದಕ್ಕೆ ಸಕ್ಕರೆ ನೀರು ಎಂಟು ಹನಿ, ಇನ್ನೊಂದಕ್ಕೆ ಸೋಸಿದ ಬೆಲ್ಲದ ನೀರು ಎಂಟು ಹನಿ. ಐದು ನಿಮಿಷ ಕುದಿಯುವ ನೀರಿನಲ್ಲಿ. ಒಳ್ಳೆಯ ಸಕ್ಕರೆ ನೀಲಿಯಾಗೇ ಉಳಿಯುತ್ತದೆ, ಯಾಕೆಂದರೆ ಸುಕ್ರೋಸ್‌ನಲ್ಲಿ ಬಿಡುವಾದ ಆಲ್ಡಿಹೈಡ್ ತುದಿ ಇಲ್ಲ. ಬೆಲ್ಲ ಬಣ್ಣ ಬದಲಿಸುತ್ತದೆ. ಕಬ್ಬಿನ ಹಾಲಿನ ಹುಳಿ ಮತ್ತು ಬೆಂಕಿ ಸೇರಿ ಸುಕ್ರೋಸ್‌ನ ಒಂದು ಪಾಲನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದಿರುತ್ತವೆ. ಆಲೆಮನೆಯಲ್ಲಿ ಹಾಲಿಗೆ ಸುಣ್ಣ ಹಾಕುವುದು ಆ ಹುಳಿಯನ್ನು ತಗ್ಗಿಸಲು. ಒಡೆದ ಪಾಲು ಹೆಚ್ಚಾದರೆ ಬೆಲ್ಲ ಅಚ್ಚಿನಲ್ಲಿ ಗಟ್ಟಿ ನಿಲ್ಲುವುದಿಲ್ಲ, ಜಿನುಗುತ್ತದೆ. ರೈತರ ಮಕ್ಕಳಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ, ಕಾರಣ ಮಾತ್ರ ಟ್ಯೂಬ್‌ನಲ್ಲಿ ತೋರಿಸುತ್ತೇನೆ.

ವೈವಾದಲ್ಲಿ ಸಿಕ್ಕಿಹಾಕಿಸುವ ಪ್ರಶ್ನೆ ಇಲ್ಲೇ ಇದೆ. ಫ್ರಕ್ಟೋಸ್ ಕೀಟೋನ್ ಗುಂಪಿನ ಸಕ್ಕರೆ. ಆದರೂ ಅದು ಟಾಲೆನ್ಸ್, ಫೆಹ್ಲಿಂಗ್, ಬೆನೆಡಿಕ್ಟ್ ಮೂರಕ್ಕೂ ಪಾಸಿಟಿವ್. ಈ ಮೂರೂ ರಿಯೇಜೆಂಟ್ ಕ್ಷಾರೀಯ, ಕ್ಷಾರದಲ್ಲಿ ಫ್ರಕ್ಟೋಸ್ ಈನ್‌ಡಯಾಲ್ (ದ್ವಿಬಂಧದ ಎರಡೂ ಕಾರ್ಬನ್‌ನಲ್ಲಿ ಹೈಡ್ರಾಕ್ಸಿ ಇರುವ) ರೂಪದ ಮೂಲಕ ಗ್ಲೂಕೋಸ್, ಮ್ಯಾನೋಸ್ ಆಗಿ ಬದಲಾಗುತ್ತದೆ. ಕಾರ್ಬೊನಿಲ್ ಪಕ್ಕದ ಕಾರ್ಬನ್‌ನಲ್ಲಿ ಹೈಡ್ರಾಕ್ಸಿ ಗುಂಪು ಇರುವ ಬೆಂಜೋಯಿನ್‌ನಂಥ ಕೀಟೋನ್‌ಗಳೂ ಹೀಗೇ ವೇಷ ಹಾಕುತ್ತವೆ. ಇತ್ತ ಗ್ಲೂಕೋಸ್ ಆಲ್ಡಿಹೈಡ್ ಆಗಿದ್ದರೂ ಬಹುಪಾಲು ಉಂಗುರದ ರೂಪದಲ್ಲೇ ಇರುವುದರಿಂದ 2,4-ಡಿಎನ್‌ಪಿ, ಶಿಫ್ ಟೆಸ್ಟ್‌ಗಳಿಗೆ ಸ್ಪಂದಿಸುವುದಿಲ್ಲ. ಸಕ್ಕರೆಗಳಲ್ಲಿ ಕೀಟೋಸ್ (ಕೀಟೋನ್ ಗುಂಪಿನ ಸಕ್ಕರೆ) ಗುರುತಿಸಬೇಕಾದರೆ ರಿಸಾರ್ಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಸೆಲಿವಾನಾಫ್ ಟೆಸ್ಟ್ ಮಾಡಿ. ಫ್ರಕ್ಟೋಸ್ ಬೇಗ ಕೆಂಪಾಗುತ್ತದೆ, ಗ್ಲೂಕೋಸ್ ತಡ ಮಾಡುತ್ತದೆ. ಅದರಲ್ಲಿ ಆಮ್ಲ ಇರುವುದರಿಂದ ಸುಕ್ರೋಸ್ ಒಡೆದು ಅದೂ ಕೆಂಪು ಕೊಡುತ್ತದೆ, ಹುಷಾರು.

ಅಂದ ಹಾಗೆ, ಸಕ್ಕರೆ ಕಾಯಿಲೆಯವರ ಮೂತ್ರದಲ್ಲಿ ಗ್ಲೂಕೋಸ್ ನೋಡಲು ಬಹಳ ಕಾಲ ಬಳಸಿದ್ದು ಇದೇ ಬೆನೆಡಿಕ್ಟ್. ಮೂತ್ರದಲ್ಲಿ ಕೀಟೋನ್ ನೋಡುವ ಈಗಿನ ಟೆಸ್ಟ್ ಸ್ಟ್ರಿಪ್‌ನಲ್ಲೂ ಇರುವುದು ನಾವು ಮೇಲೆ ನೋಡಿದ ನೈಟ್ರೋಪ್ರಸೈಡೇ.

ಅಭ್ಯಾಸಕ್ಕೆ ಇನ್ನೂ ಸ್ಯಾಂಪಲ್ ಬೇಕಾದರೆ ಮೈಸೂರಿನ ದೇವರಾಜ ಮಾರುಕಟ್ಟೆ ಕಡೆ ಹೋದಾಗ ಮಜ್ಜಿಗೆ ಹುಲ್ಲಿನ ಎಣ್ಣೆ ಒಂದು ಚಿಕ್ಕ ಸೀಸೆ ತನ್ನಿ. ಅದರಲ್ಲಿ ಸಿಟ್ರಾಲ್ ಇದೆ, ಆಲ್ಡಿಹೈಡ್. ಚಕ್ಕೆ ಎಣ್ಣೆಯಲ್ಲಿ ಸಿನ್ನಮಾಲ್ಡಿಹೈಡ್. ಡಿಎನ್‌ಪಿ ಜೊತೆ ಎರಡೂ ಒಳ್ಳೆಯ ಕೆಂಪು ಛಾಯೆ ಕೊಡುತ್ತವೆ. ಶುದ್ಧ ಗಂಧದ ಎಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್, ಅದು ಆಲ್ಕೋಹಾಲ್; ಅಷ್ಟು ದುಬಾರಿ ಎಣ್ಣೆಯನ್ನು ಇದಕ್ಕೆ ಹಾಳು ಮಾಡಬೇಡಿ. ನೇಲ್ ಪಾಲಿಶ್ ರಿಮೂವರ್ ತರುವುದಾದರೆ ಲೇಬಲ್ ಓದಿ. ಕೆಲವದರಲ್ಲಿ ಅಸಿಟೋನ್, ಕೆಲವದರಲ್ಲಿ ಈಥೈಲ್ ಅಸಿಟೇಟ್. ಡಿಎನ್‌ಪಿ ಹಾಕಿ ಎರಡನ್ನೂ ಬೇರೆ ಮಾಡುವುದೇ ಒಂದು ಒಳ್ಳೆಯ ಅಭ್ಯಾಸ.

ರೆಕಾರ್ಡ್ ಬರೆಯುವಾಗ

ಅಬ್ಸರ್ವೇಶನ್ ಕಾಲಂನಲ್ಲಿ "ಆಲ್ಡಿಹೈಡ್ ಇದೆ" ಅಂತ ಬರೆಯಬೇಡಿ, ಅದು ಇನ್ಫರೆನ್ಸ್. ಕಣ್ಣಿಗೆ ಕಂಡದ್ದನ್ನು ಬರೆಯಿರಿ: "60 ಡಿಗ್ರಿಯಲ್ಲಿ ನಾಲ್ಕು ನಿಮಿಷಕ್ಕೆ ಗಾಜಿನ ಒಳಗೋಡೆಗೆ ಹೊಳೆಯುವ ಬೆಳ್ಳಿ ಪದರ." ಏನೂ ಆಗದಿದ್ದರೆ ಎಷ್ಟು ಹೊತ್ತು ಕಾದಿರಿ ಅಂತಲೂ ಬರೆಯಿರಿ, ಕೆಳಗಿನ ಸಾಲಿನಲ್ಲಿ ಕಂಟ್ರೋಲ್ ಟ್ಯೂಬ್‌ನಲ್ಲಿ ಏನಾಯಿತು ಅನ್ನುವುದೂ ಇರಲಿ.

ಬಿಎಸ್ಸಿಯವರು ಡಿಎನ್‌ಪಿ ಪ್ರೆಸಿಪಿಟೇಟನ್ನು ಚೆಲ್ಲಬೇಡಿ. ಸೋಸಿ, ತೊಳೆದು, ಆಲ್ಕೋಹಾಲ್‌ನಲ್ಲಿ ಮತ್ತೆ ಹರಳು ಕಟ್ಟಿಸಿ, ಒಣಗಿಸಿ ಕರಗುವ ಬಿಂದು ನೋಡಿ. ಅಸಿಟೋನ್‌ನದು ಸುಮಾರು 126 ಡಿಗ್ರಿ, ಸೈಕ್ಲೋಹೆಕ್ಸನೋನ್‌ನದು 162, ಬೆಂಜಾಲ್ಡಿಹೈಡ್‌ನದು 237. ಯಾವ ಗುಂಪು ಅನ್ನುವಲ್ಲಿಗೆ ನಿಲ್ಲದೆ ಯಾವ ಸಂಯುಕ್ತ ಅಂತಲೇ ಹೆಸರು ಬರೆಯಬಹುದು. ಹರಳು ಪೂರ್ತಿ ಒಣಗಿರದಿದ್ದರೆ ಅಂಕಿ ನಾಲ್ಕೈದು ಡಿಗ್ರಿ ಕೆಳಗೆ ಬರುತ್ತದೆ, ಹಾಗಾಗಿ ಕರಗುವ ಬಿಂದುವನ್ನು ಮರುದಿನದ ಲ್ಯಾಬ್‌ಗೆ ಇಟ್ಟುಕೊಳ್ಳಿ.